ಜೆರಿಕೋವಿನ ದಾರಿ, ನೆಲಮಂಗಲದ ದಾರಿ



ಸಂತ ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಧರ್ಮೋಪದೇಶದ ಮಕ್ಕಳು ಅದನ್ನು ನಾಟಕವಾಡುವುದನ್ನು ನೀವು ನೋಡಿರುತ್ತೀರಿ. ಗಾಯಗೊಂಡವನಾಗಿ ಕೆಂಪು ಬಣ್ಣ ಬಳಿದುಕೊಳ್ಳಲು ಹುಡುಗರಲ್ಲಿ ಪೈಪೋಟಿ. ಯಾಜಕನ ಪಾತ್ರಕ್ಕೆ ಮಾತ್ರ ಯಾರೂ ಮುಂದೆ ಬರುವುದಿಲ್ಲ. ಈ ಸಾಮತಿಯಿಂದ ನಾವು ಸಾಮಾನ್ಯವಾಗಿ ಕಲಿಯುವುದು ಕನಿಕರದ ಪಾಠ. ಈ ವಾರ ಅದನ್ನು ಸ್ವಲ್ಪ ನಿಧಾನವಾಗಿ ಇನ್ನೊಮ್ಮೆ ಓದಿ ನೋಡಿ. ಆತನಿಗೆ ಕನಿಕರ ಬಂತೆಂದು ಸಂತ ಲೂಕನು ಹೇಳಿ ಮುಗಿಸುವುದು ಒಂದೇ ಮಾತಿನಲ್ಲಿ. ಉಳಿದದ್ದೆಲ್ಲ ಕೆಲಸ. ಹತ್ತಿರ ಹೋದ, ಗಾಯಗಳಿಗೆ ಎಣ್ಣೆ ಮತ್ತು ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಸೇರಿಸಿ ಆರೈಕೆ ಮಾಡಿದ, ಮರುದಿನ ಖರ್ಚಿಗೆ ಹಣ ಕೊಟ್ಟ, ಮತ್ತೆ ಬರುತ್ತೇನೆಂದು ಮಾತು ಕೊಟ್ಟ.

ಇದರಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸದೆ ಬಿಟ್ಟಿದ್ದೇವೆ. ಎಣ್ಣೆ, ದ್ರಾಕ್ಷಾರಸ, ಕಟ್ಟಲು ಬಟ್ಟೆ, ಕೈಯಲ್ಲಿ ಎರಡು ದಿನಾರಿ ಹಣ ಇವೆಲ್ಲ ಅವನ ಬಳಿ ಮೊದಲೇ ಇದ್ದವು. ಕಳ್ಳರ ಕಾಟವಿದ್ದ ದಾರಿಯಲ್ಲಿ ಹೊರಟವನು ಸಿದ್ಧನಾಗಿಯೇ ಹೊರಟಿದ್ದ. ಎರಡನೆಯದಾಗಿ, ಗಾಯಾಳುವಿನ ಪಕ್ಕ ಕುಳಿತು ಅಳುತ್ತಾ ಹೊತ್ತು ಕಳೆಯದೆ ಅವನನ್ನು ದಾರಿಯಿಂದ ಎತ್ತಿ ಸುರಕ್ಷಿತ ಜಾಗಕ್ಕೆ ಸೇರಿಸಿದ. ಸಿದ್ಧತೆ ಮತ್ತು ದಾರಿ ತೆರವು, ಇವೆರಡೂ ಕನಿಕರದ ಭಾಗವೇ ಎಂಬುದನ್ನು ನಮ್ಮ ಜಿಲ್ಲೆಯ ರಸ್ತೆಗಳ ಲೆಕ್ಕದಲ್ಲಿ ಯೋಚಿಸೋಣ.

ನಮ್ಮ ಜಿಲ್ಲೆ ಎಂದರೆ ಹೆದ್ದಾರಿಗಳ ಜಿಲ್ಲೆ. ನೆಲಮಂಗಲದಲ್ಲಿ ತುಮಕೂರಿನ ದಾರಿ, ಹಾಸನ-ಮಂಗಳೂರಿನ ದಾರಿ ಕವಲೊಡೆಯುತ್ತವೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕಾರುಗಳೂ ಚಿಕ್ಕಬಳ್ಳಾಪುರದ ಲಾರಿಗಳೂ ಒಂದೇ ರಸ್ತೆ ಹಿಡಿಯುತ್ತವೆ. ಹೊಸಕೋಟೆಯ ಮೇಲೆ ಕೋಲಾರದ ಟೊಮೆಟೊ ಬರುತ್ತದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಹೊಸಕೋಟೆಗೆ ಸುತ್ತುವ ರಸ್ತೆಯಲ್ಲಿ ಕಂಟೇನರ್‌ಗಳ ಸಾಲು. ಭಾನುವಾರ ಪೂಜೆಗೆ ಹೋಗಲೂ ನಮ್ಮಲ್ಲಿ ಎಷ್ಟೋ ಕುಟುಂಬಗಳು ಇಂಥ ರಸ್ತೆಯೊಂದನ್ನು ದಾಟಲೇಬೇಕು.

2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ನಡೆದದ್ದನ್ನು ನೀವು ಮರೆತಿರಲಾರಿರಿ. ಊರಿಗೆ ಹೋಗಿ ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಿ ಬೆಂಗಳೂರಿಗೆ ಬೈಕಿನಲ್ಲಿ ಮರಳುತ್ತಿದ್ದ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿಯಿತು. ದೇಹ ಎರಡು ಭಾಗವಾಗಿದ್ದರೂ ಆತನಿಗೆ ಪ್ರಜ್ಞೆ ಇತ್ತು. ಸುತ್ತ ನಿಂತವರನ್ನು ಸಹಾಯಕ್ಕಾಗಿ ಅಂಗಲಾಚಿದ. ತನ್ನ ಅಂಗಗಳನ್ನು ದಾನ ಮಾಡಿ ಎಂದು ಹೇಳಿದ. ಜನ ಸೇರಿದ್ದರು, ಮೊಬೈಲಿನಲ್ಲಿ ಚಿತ್ರ ತೆಗೆದವರೂ ಇದ್ದರು. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಸೇರಿಸಿದರೂ ಆತ ಉಳಿಯಲಿಲ್ಲ. ಅವನ ಇಚ್ಛೆಯಂತೆ ಕಣ್ಣುಗಳು ದಾನವಾದವು. ಸಾಯುವ ಹೊತ್ತಿನಲ್ಲಿ ತನ್ನಲ್ಲಿ ಉಳಿದದ್ದನ್ನು ಪರರಿಗೆ ಕೊಡಿ ಎಂದ ಆ ಯುವಕನ ಮುಂದೆ, ಸುಮ್ಮನೆ ನೋಡುತ್ತಾ ನಿಂತ ನಮ್ಮಂಥವರನ್ನು ಇಟ್ಟು ನೋಡಿ.

ಅದೇ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆತನ ಹೆಸರಿನಲ್ಲೇ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿತು. ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಗೆ ಗಾಯಾಳು ಹಣ ಕಟ್ಟಬೇಕಿಲ್ಲ ಎಂಬುದು ಅದರ ತಿರುಳು. ಈಗ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ ಒಬ್ಬ ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿಯಷ್ಟು ಚಿಕಿತ್ಸೆ ನಗದಿಲ್ಲದೆ ಸಿಗಬೇಕು. ಛತ್ರದವನಿಗೆ ಕೊಟ್ಟ ಆ ಎರಡು ದಿನಾರಿಯ ಕೆಲಸವನ್ನು ಸರ್ಕಾರ ವಹಿಸಿಕೊಂಡಿದೆ ಎನ್ನೋಣ. ಆದರೆ ಗಾಯಾಳುವನ್ನು ಛತ್ರದ ಬಾಗಿಲಿಗೆ ಮುಟ್ಟಿಸುವ ಕೆಲಸ ಇನ್ನೂ ದಾರಿಹೋಕರದ್ದೇ.

“ಯಾಕಪ್ಪಾ ಬೇಕು, ಆಮೇಲೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಯಬೇಕಾಗುತ್ತೆ” ಎನ್ನುತ್ತೀರಾ? ಈ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು, ಸುಳ್ಳೇಕೆ ಹೇಳಲಿ. ಈಗ ಇಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ, ಆಮೇಲೆ ಗಾಯಾಳುವಿಗೆ ಏನೇ ಆದರೂ ಕೇಸು ಹಾಕುವಂತಿಲ್ಲ. 2020ರ ನಿಯಮಗಳ ಪ್ರಕಾರ ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಹೇಳಿ ಎಂದು ಯಾರೂ ಬಲವಂತ ಮಾಡುವಂತಿಲ್ಲ. ಗಾಯಾಳುವನ್ನು ಒಪ್ಪಿಸಿ ನೀವು ನಿಮ್ಮ ಪಾಡಿಗೆ ಹೊರಡಬಹುದು. ನೆರವಾದವರ ಜಾತಿ, ಧರ್ಮ ನೋಡದೆ ಗೌರವದಿಂದ ನಡೆಸಿಕೊಳ್ಳಬೇಕೆಂದೂ ಅಲ್ಲಿ ಬರೆದಿದೆ. ಇಂಥವರನ್ನು ಕಾನೂನು ಏನೆಂದು ಕರೆಯುತ್ತದೆ ಗೊತ್ತೇ? ಗುಡ್ ಸಮಾರಿಟನ್. ಪ್ರಭು ಯೇಸು ಹೇಳಿದ ಸಾಮತಿಯ ಹೆಸರು ನಮ್ಮ ದೇಶದ ಕಾಯ್ದೆ ಪುಸ್ತಕದಲ್ಲಿರುವಾಗ, ಅದನ್ನು ಓದಿದ ನಾವೇ ಹಿಂದೆ ಸರಿದರೆ ಹೇಗೆ? 2025ರಲ್ಲಿ ಕೇಂದ್ರ ಸರ್ಕಾರ ಇಂಥ ನೆರವಿಗೆ 25,000 ರೂಪಾಯಿ ಬಹುಮಾನವನ್ನೂ ಘೋಷಿಸಿತು. ಅದಕ್ಕೆ ಷರತ್ತುಗಳಿವೆ, ಬಹುಮಾನಕ್ಕಾಗಿ ನಾವು ನಿಲ್ಲುವುದೂ ಇಲ್ಲ, ಬಿಡಿ.

ಇನ್ನು ಕೆಲಸದ ಮಾತಿಗೆ ಬರೋಣ. ಅಪಘಾತ ಕಂಡ ಕೂಡಲೇ ಓಡಿ ಹೋಗಿ ಗಾಯಾಳುವನ್ನು ಎಳೆಯಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಮೊದಲು ನೋಡಬೇಕಾದದ್ದು ಹಿಂದಿನಿಂದ ಬರುತ್ತಿರುವ ಗಾಡಿಗಳನ್ನು. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ಕಂಡು, ಗಾಬರಿಯಾಗಿ, ಬ್ರೇಕ್ ತುಳಿಯುವಷ್ಟರಲ್ಲಿ ನಿಮ್ಮ ಹತ್ತಿರಕ್ಕೇ ಬಂದಿರುತ್ತದೆ. ಭಾರ ತುಂಬಿದ ಲಾರಿಯಂತೂ ಇನ್ನೂ ಮುಂದೆ ಹೋಗಿ ನಿಲ್ಲುತ್ತದೆ. ಹೀಗೆ ಮೊದಲ ಅಪಘಾತದ ಮೇಲೆ ಎರಡನೆಯದು ನಡೆದು, ನೆರವಿಗೆ ಬಂದವರೇ ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಆದ್ದರಿಂದ ನಿಮ್ಮ ಗಾಡಿಯನ್ನು ಅಪಘಾತದ ಜಾಗ ದಾಟಿಸಿ ಎಡಕ್ಕೆ, ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಾಕಿ. ಡಿಕ್ಕಿಯಲ್ಲಿ ಕೆಂಪು ತ್ರಿಕೋನದ ಫಲಕ ಇರುತ್ತದಲ್ಲ, ಕಾರು ಕೊಂಡ ದಿನದಿಂದ ಪ್ಲಾಸ್ಟಿಕ್ ಕವರಿನಲ್ಲೇ ಮಲಗಿರುವುದು, ಅದನ್ನು ಹಿಡಿದು ರಸ್ತೆಯ ಅಂಚಿನಲ್ಲೇ ಹಿಂದಕ್ಕೆ ನಡೆಯಿರಿ. ಚಿಕ್ಕ ರಸ್ತೆಯಾದರೆ 50 ಮೀಟರ್, ಹೆದ್ದಾರಿಯಾದರೆ 100 ಮೀಟರ್, ಅಂದರೆ ಸುಮಾರು 130 ಹೆಜ್ಜೆ. ಅಲ್ಲಿ ಇಡಿ. ಹತ್ತು ಹೆಜ್ಜೆ ದೂರದಲ್ಲಿಟ್ಟ ಫಲಕದಿಂದ ಯಾರಿಗೂ ಪ್ರಯೋಜನವಿಲ್ಲ. ಮಕ್ಕಳನ್ನೂ ಹಿರಿಯರನ್ನೂ ಕಾರಿನಿಂದ ಎಡಬದಿಗೆ ಇಳಿಸಿ, ಕಬ್ಬಿಣದ ತಡೆಯ ಆಚೆ ನಿಲ್ಲಿಸಿ. ಕೆಟ್ಟು ನಿಂತ ಗಾಡಿಯ ಹಿಂದೆ ಯಾರೂ ನಿಲ್ಲಬಾರದು, ಟಯರ್ ಬದಲಿಸುವವನ ಹೊರತು. ಅವನಿಗೂ ಒಬ್ಬರು ಕಾವಲಿರಬೇಕು.

ತ್ರಿಕೋನ ಇಲ್ಲದ ಲಾರಿಯವರು ಏನು ಮಾಡುತ್ತಾರೆಂದು ನಿಮಗೆ ಗೊತ್ತು. ದಪ್ಪ ಕಲ್ಲುಗಳನ್ನಿಟ್ಟು ಮರದ ಕೊಂಬೆ ನೆಡುತ್ತಾರೆ. ಇದ್ದುದರಲ್ಲಿ ಒಳ್ಳೆಯದೇ. ಆದರೆ ಗಾಡಿ ಸರಿಯಾದ ಮೇಲೆ ಲಾರಿ ಹೋಗುತ್ತದೆ, ಕಲ್ಲುಗಳು ಅಲ್ಲೇ ಉಳಿಯುತ್ತವೆ! ರಾತ್ರಿ ಎರಡನೇ ಆಟ ಮುಗಿಸಿ ಬರುವ ಬೈಕಿನ ಹುಡುಗನಿಗೆ ಆ ಕಲ್ಲು ಕಾಣುವುದು ಬಿದ್ದ ಮೇಲೆಯೇ. ಹಗಲಿನಲ್ಲಿ ಅಂಥ ಕಲ್ಲನ್ನು ಕಂಡರೆ, ರಸ್ತೆ ಖಾಲಿಯಿದ್ದಾಗ ಅದನ್ನು ಪಕ್ಕಕ್ಕೆ ಉರುಳಿಸಿ ಹೋಗಿ. ಯಾರದೋ ಜೀವ ಉಳಿಸಿದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಫೋನ್ ಮಾಡುವುದಕ್ಕೂ ಒಂದು ಕ್ರಮವಿದೆ. 108 ಆಂಬುಲೆನ್ಸಿಗೆ, 112 ಪೊಲೀಸ್ ಮತ್ತು ಅಗ್ನಿಶಾಮಕ ಸೇರಿದಂತೆ ಎಲ್ಲ ತುರ್ತಿಗೂ, 1033 ರಾಷ್ಟ್ರೀಯ ಹೆದ್ದಾರಿಗೆ. ಈ ಕೊನೆಯದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಟೋಲ್ ಕಟ್ಟುವ ಹೆದ್ದಾರಿಗಳಲ್ಲಿ ಗಸ್ತಿನ ಗಾಡಿ, ಆಂಬುಲೆನ್ಸ್, ಕ್ರೇನ್ ಇಡುವುದು ಗುತ್ತಿಗೆದಾರರ ಹೊಣೆ. ನಾವು ಕಟ್ಟಿದ ದುಡ್ಡಿನಲ್ಲಿ ಅದೂ ಸೇರಿದೆ. ಜಾಗ ಹೇಳುವಾಗ “ಬೇಗೂರು ಹತ್ತಿರ ಆಕ್ಸಿಡೆಂಟ್ ಆಗಿದೆ, ಬೇಗ ಬನ್ನಿ” ಎಂದರೆ ಸಾಲದು. ಬೆಂಗಳೂರಿನ ದಕ್ಷಿಣಕ್ಕೂ ಒಂದು ಬೇಗೂರಿದೆ, ನೆಲಮಂಗಲದಾಚೆಯೂ ಒಂದಿದೆ. ರಸ್ತೆಬದಿಯ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಓದಿ ಹೇಳಿ. ಯಾವ ಪಕ್ಕ ಎಂದೂ ಹೇಳಿ: ತುಮಕೂರಿಗೆ ಹೋಗುವ ಪಕ್ಕವೋ, ಬೆಂಗಳೂರಿಗೆ ಬರುವ ಪಕ್ಕವೋ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಆಂಬುಲೆನ್ಸ್ ತಪ್ಪು ಪಕ್ಕಕ್ಕೆ ಬಂದರೆ ಮತ್ತೆ ತಿರುವು ಸಿಗುವತನಕ ಹೋಗಬೇಕಾಗುತ್ತದೆ. ಎಷ್ಟು ಜನರಿಗೆ ಪೆಟ್ಟಾಗಿದೆ, ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದಾರೆಯೇ ಎಂದು ತಿಳಿಸಿ. ಸಿಕ್ಕಿಕೊಂಡಿದ್ದರೆ ಕ್ರೇನ್ ಮೊದಲೇ ಹೊರಡಬೇಕು.

ಗಾಯಾಳುವಿನ ವಿಷಯದಲ್ಲಿ ನಾವು ಮಾಡುವುದಕ್ಕಿಂತ ಮಾಡದೆ ಬಿಡಬೇಕಾದದ್ದೇ ಹೆಚ್ಚು. ನೀರು ಕುಡಿಸಬೇಡಿ, ಪ್ರಜ್ಞೆ ಮಂಕಾದವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹೆಲ್ಮೆಟ್ಟನ್ನು ಎಳೆಯಬೇಡಿ, ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಒಂದು ಎಳೆತಕ್ಕೆ ಕೈಕಾಲು ಶಾಶ್ವತವಾಗಿ ಹೋದೀತು. ಬೆಂಕಿಯ ಅಥವಾ ಬೇರೆ ಗಾಡಿ ಗುದ್ದುವ ಭಯವಿಲ್ಲದಿದ್ದರೆ ಆಂಬುಲೆನ್ಸಿನವರು ಬರುವವರೆಗೆ ಅಲುಗಿಸದೆ ಇರಿಸಿ. ರಕ್ತ ಹರಿಯುತ್ತಿದ್ದರೆ ಮಾತ್ರ ಕಾಯಬೇಡಿ. ಶುದ್ಧವಾದ ಬಟ್ಟೆ, ಟವೆಲ್, ಸೀರೆಯ ಸೆರಗು ಯಾವುದಾದರೂ ಸರಿ, ಮಡಿಸಿ ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿಯಿರಿ. ಆಗಾಗ ತೆಗೆದು ನೋಡುತ್ತಾ ಕೂರಬೇಡಿ. ಹೆಸರು ಕೇಳಿ, ಮಾತಾಡಿಸುತ್ತಿರಿ. ಪೆಟ್ಟಾದ ಮೊದಲ ಒಂದು ಗಂಟೆಯನ್ನು ಕಾಯ್ದೆಯೇ ಸುವರ್ಣ ಗಂಟೆ ಎಂದು ಗುರುತಿಸಿದೆ. ಬಂದವರನ್ನು ಹಣಕ್ಕಾಗಿ, ಪೊಲೀಸ್ ಕಾಗದಕ್ಕಾಗಿ ಕಾಯಿಸದೆ ಯಾವ ವೈದ್ಯರಾದರೂ ತುರ್ತು ಚಿಕಿತ್ಸೆ ಕೊಡಬೇಕೆಂದು ಸುಪ್ರೀಂ ಕೋರ್ಟು 1989ರಷ್ಟು ಹಿಂದೆಯೇ ತೀರ್ಪು ಕೊಟ್ಟಿದೆ.

ಈಗ ಜನಜಂಗುಳಿಯ ಮಾತು. 2024ರ ಡಿಸೆಂಬರ್ 21ರ ಶನಿವಾರ, ಕ್ರಿಸ್ಮಸ್ಸಿಗೆ ನಾಲ್ಕೇ ದಿನ ಇರುವಾಗ, ನೆಲಮಂಗಲದ ಹತ್ತಿರ ತುಮಕೂರು ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಬಂದು ಕಾರಿನ ಮೇಲೆ ಮಗುಚಿತು. ಮಕ್ಕಳೂ ಸೇರಿ ಒಂದೇ ಕುಟುಂಬದ ಆರು ಮಂದಿ ಒಳಗೇ ಅಸುನೀಗಿದರು. ಕಂಟೇನರ್ ಎತ್ತಲು ಕ್ರೇನ್‌ಗಳು ಬರಬೇಕಾಯಿತು. ಹೆದ್ದಾರಿಯಲ್ಲಿ ವಾಹನಗಳು ಕಿಲೋಮೀಟರ್‌ಗಟ್ಟಲೆ ನಿಂತವು. ಅಂಥ ಹೊತ್ತಿನಲ್ಲಿ ಆ ಸಾಲಿನಲ್ಲಿ ನಿಂತ ನಾವು ಏನು ಮಾಡುತ್ತೇವೆ? ಪ್ರಾಮಾಣಿಕವಾಗಿ ಹೇಳಿ. ಮುಂದೆ ನುಗ್ಗುತ್ತೇವೆ. ಬೈಕಿನವರು ಸಂದಿಯಲ್ಲಿ ತೂರುತ್ತಾರೆ, ಕಾರಿನವರು ಎಡದ ಮಣ್ಣಿಗೆ ಇಳಿಯುತ್ತಾರೆ, ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಗಾಡಿಗಳು ಬರುತ್ತವೆ. ಐದು ನಿಮಿಷದಲ್ಲಿ ಹೆದ್ದಾರಿಗೆ ಬಿರಡೆ ಹಾಕಿದಂತಾಗುತ್ತದೆ. ಹಿಂದಿನಿಂದ ಸೈರನ್ ಕೇಳಿಸಿದರೆ ಸರಿಯೋಣವೆಂದರೂ ಜಾಗವಿರುವುದಿಲ್ಲ. ಕ್ರೇನ್ ಬಾರದೆ ಜೀವ ಹೊರಬರದು, ದಾರಿ ಬಿಡದೆ ಕ್ರೇನ್ ಬಾರದು.

ಜರ್ಮನಿಯಲ್ಲಿ ಇದಕ್ಕೊಂದು ನಿಯಮವಿದೆ. ಹೆದ್ದಾರಿಯಲ್ಲಿ ವಾಹನಗಳು ನಿಧಾನವಾಗುತ್ತಿದ್ದಂತೆಯೇ, ಸೈರನ್ ಕೇಳಿಸುವ ಮೊದಲೇ, ಎರಡು ಸಾಲುಗಳೂ ಎರಡು ಅಂಚಿಗೆ ಸರಿದು ನಡುವೆ ಆಂಬುಲೆನ್ಸಿಗೆ ಓಣಿ ಬಿಡಬೇಕು. ನಮ್ಮ ಕಾನೂನು ಇಷ್ಟು ವಿವರವಾಗಿ ಹೇಳದಿದ್ದರೂ ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡದವರಿಗೆ 10,000 ರೂಪಾಯಿವರೆಗೆ ದಂಡ, 6 ತಿಂಗಳವರೆಗೆ ಜೈಲು ಇದೆ. ದಂಡದ ಮಾತು ಹಾಗಿರಲಿ. ಸಾಲು ನಿಂತಾಗ ಬಲಗಡೆಯ ಸಾಲಿನಲ್ಲಿದ್ದರೆ ಡಿವೈಡರಿಗೆ ಒತ್ತಿ ನಿಲ್ಲಿ, ಎಡಗಡೆಯಲ್ಲಿದ್ದರೆ ಎಡಕ್ಕೆ ಒತ್ತಿ. ಮುಂದಿನ ಗಾಡಿಗೆ ಮೂತಿ ತಾಗಿಸದೆ ತುಸು ಅಂತರ ಬಿಡಿ. ನಿಮ್ಮನ್ನು ನೋಡಿ ಹಿಂದಿನವನೂ ಹಾಗೆಯೇ ನಿಂತಾನು. ಎದುರಿನ ಪಕ್ಕದಲ್ಲಿ ಹೋಗುತ್ತಿರುವವರಿಗೂ ಒಂದು ಮಾತು: ನಿಧಾನ ಮಾಡಿ ಇಣುಕಿ ನೋಡಬೇಡಿ. ಆ ಇಣುಕಿನಿಂದ ನಿಮ್ಮ ಪಕ್ಕದಲ್ಲೂ ಒಂದು ಡಿಕ್ಕಿಯಾಗುತ್ತದೆ.

ಯಾರಿಗೂ ಪೆಟ್ಟಾಗದ ಸಣ್ಣ ಡಿಕ್ಕಿಗಳಲ್ಲಂತೂ ನಮ್ಮ ವರ್ತನೆ ನಾಚಿಕೆಗೇಡು. ಬಂಪರ್ ಸೊಟ್ಟಗಾದದ್ದಕ್ಕೆ ನಡುರಸ್ತೆಯಲ್ಲೇ ಎರಡು ಗಾಡಿ ನಿಲ್ಲಿಸಿ ಅರ್ಧ ಗಂಟೆ ಪಂಚಾಯಿತಿ! ಪೊಲೀಸರು ಬಂದು ಮಹಜರು ಮಾಡುವವರೆಗೆ ಗಾಡಿ ಕದಲಿಸಬಾರದೆಂಬ ನಂಬಿಕೆ ಬೇರೆ. ಯಾರಿಗೂ ಗಾಯವಾಗಿಲ್ಲದಿದ್ದರೆ ನಾಲ್ಕು ಕಡೆಯಿಂದ ಫೋಟೋ ತೆಗೆದು, ನಂಬರ್ ಬರೆದುಕೊಂಡು, ಗಾಡಿಯನ್ನು ಬದಿಗೆ ಒಯ್ದು ಅಲ್ಲಿ ಎಷ್ಟು ಬೇಕಾದರೂ ಮಾತಾಡಿ. ಸಾವು ಅಥವಾ ಭಾರೀ ಗಾಯವಾಗಿದ್ದರೆ ಮಾತ್ರ ಗಾಡಿಗಳನ್ನು ಪೊಲೀಸರ ತೀರ್ಮಾನಕ್ಕೆ ಬಿಡಬೇಕು.

ಟ್ಯಾಂಕರ್ ಮಗುಚಿದ್ದರೆ ಈ ಯಾವ ಪಾಠವೂ ನಡೆಯದು. ಹತ್ತಿರವೇ ಹೋಗಬಾರದು. ನೆಲಮಂಗಲದಿಂದ ಹೊರಡುವ ಮಂಗಳೂರು ಹೆದ್ದಾರಿಯಲ್ಲೇ, ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ, 2013ರ ಏಪ್ರಿಲ್‌ನಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹತ್ತಿತು. ಹಲವರು ಸತ್ತರು, ರಸ್ತೆಬದಿಯ ಮನೆಗಳೂ ಉರಿದವು. ಈ ಅನಿಲ ಗಾಳಿಗಿಂತ ಭಾರ. ಮೇಲೇರದೆ ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ಎಲ್ಲೋ ದೂರದ ಒಲೆ, ಬೀಡಿ, ಬೈಕಿನ ಕಿಡಿ ಸಾಕು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಎತ್ತರದ ಕಡೆಗೆ ದೂರ ಹೋಗಿ, ಬರುವ ಗಾಡಿಗಳನ್ನು ತಡೆದು, ಅಲ್ಲಿಂದ 112ಕ್ಕೆ ಫೋನ್ ಮಾಡಿ. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲ್‌ಪುರದ ಕಡೆ ಟ್ಯಾಂಕರ್ ಉರುಳಿದಾಗ, ಸೋರುತ್ತಿದ್ದ ಪೆಟ್ರೋಲನ್ನು ಕೊಡ, ಬಾಟಲಿಗಳಲ್ಲಿ ತುಂಬಿಕೊಳ್ಳಲು ಊರೇ ಬಂತು. 200ಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು.

ಅಲ್ಲಿಯ ಜನರನ್ನು ನಾವು ದೂರುವ ಹಾಗಿಲ್ಲ. ಟೊಮೆಟೊ, ಮೀನು, ಬಿಯರ್ ತುಂಬಿದ ಲಾರಿ ಬಿದ್ದಾಗ ನಮ್ಮೂರುಗಳಲ್ಲಿ ಏನಾಗುತ್ತದೆ? ಚಾಲಕ ಕ್ಯಾಬಿನ್ನಿನಲ್ಲಿ ನರಳುತ್ತಿದ್ದರೂ ಚೀಲಗಳು ತುಂಬುತ್ತವೆ. ಗಾಯಾಳುವಿನ ಕೊರಳ ಸರ, ಫೋನು ಕಾಣೆಯಾಗುವುದೂ ಉಂಟು. ಜೆರಿಕೋವಿನ ದಾರಿಯಲ್ಲಿ ಕಳ್ಳರು ಮೊದಲು ಬಂದರು, ದಾರಿಹೋಕರು ಆಮೇಲೆ. ಇಲ್ಲಿ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಇದು ಏಳನೆಯ ಕಟ್ಟಳೆಯ ಉಲ್ಲಂಘನೆ. ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದದ್ದು, ಮಾಲು ಹಿಂದಿರುಗಿಸಬೇಕಾದದ್ದು.

ಚಾಲಕನಿಗೆ ಹೊಡೆಯುವ ಗುಂಪಿನ ಬಗ್ಗೆಯೂ ಹೇಳಬೇಕು. ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೆ ಸೇರಿಸುವುದು ಚಾಲಕನ ಕರ್ತವ್ಯ ಎಂದು ಕಾಯ್ದೆ ಹೇಳುತ್ತದೆ. ಆದರೆ ಜನರ ರೋಷದಿಂದಾಗಿ ಅದು ಸಾಧ್ಯವಾಗದಿದ್ದರೆ ಎಂಬ ವಿನಾಯಿತಿಯನ್ನೂ ಅದೇ ಕಲಮು ಕೊಟ್ಟಿದೆ. ಗುಂಪಿನ ಹೊಡೆತಕ್ಕೆ ಹೆದರಿ ಚಾಲಕ ಓಡಿಹೋಗುತ್ತಾನೆಂಬುದು ಕಾಯ್ದೆ ಮಾಡಿದವರಿಗೂ ಗೊತ್ತಿತ್ತು. ಅವನು ಓಡಿದರೆ ಗಾಯಾಳುವನ್ನು ಒಯ್ಯಬಹುದಾಗಿದ್ದ ಒಂದು ಗಾಡಿಯೂ ಕೈತಪ್ಪಿತು. ಸಿಟ್ಟಿಗೆದ್ದವರ ನಡುವೆ ನಿಂತು “ಬಿಡ್ರಪ್ಪಾ, ಮೊದಲು ಇವರನ್ನ ಎತ್ತೋಣ, ಅವನನ್ನ ಪೊಲೀಸರು ನೋಡ್ಕೋತಾರೆ” ಎನ್ನುವ ಒಬ್ಬ ಹಿರಿಯರಿದ್ದರೆ ಸಾಕು.

ಧರ್ಮಕೇಂದ್ರಗಳು ಏನು ಮಾಡಬಹುದು? ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮವರು ಶಿವಾಜಿನಗರಕ್ಕೂ ವೇಳಾಂಗಣಿಗೂ ಟೆಂಪೊಗಳಲ್ಲಿ ಹೊರಡುತ್ತಾರೆ. ಹೊರಡುವ ಮುನ್ನ ಗುರುಗಳಿಂದ ಗಾಡಿಗೆ ಆಶೀರ್ವಾದ ಮಾಡಿಸಿ, ಸಂತ ಕ್ರಿಸ್ಟೋಫರರ ಪದಕ ತೂಗುಹಾಕುತ್ತೇವೆ. ಆ ಹೊತ್ತಿಗೇ ಡಿಕ್ಕಿ ತೆರೆದು ತ್ರಿಕೋನ, ಟಾರ್ಚು, ದಪ್ಪ ಬಟ್ಟೆ, ಬ್ಯಾಂಡೇಜ್ ಇವೆಯೇ ಎಂದು ನೋಡುವುದು ಆಶೀರ್ವಾದದ ಭಾಗವೇ ಆಗಲಿ. ಹಿಂದಿನ ದೀಪ ಉರಿಯುತ್ತದೆಯೇ, ಚಾಲಕ ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದೂ ಕೇಳಿ. ಕ್ರಿಸ್ಮಸ್ ನಡುರಾತ್ರಿಯ ಪೂಜೆ ಮುಗಿಸಿ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೈಕಿನಲ್ಲಿ ಹಳ್ಳಿಗಳಿಗೆ ಮರಳುವವರು ಆ ತಿಂಗಳ ಮಂಜನ್ನು ಬಲ್ಲರು. ಎಳೆಗೂಸಿದ್ದರೆ ಯಾರದಾದರೂ ಕಾರಿನಲ್ಲಿ ಜಾಗ ಕೇಳಿ, ನಾಚಿಕೊಳ್ಳಬೇಡಿ. ಯುವಜನ ಸಂಘದವರು ರೆಡ್ ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸಿನವರನ್ನು ಕರೆಸಿ ಒಂದು ಭಾನುವಾರ ಪ್ರಥಮ ಚಿಕಿತ್ಸೆ ಕಲಿಯಬಹುದು. ಮನೆಯವರೆಲ್ಲರ ಪರ್ಸಿನಲ್ಲಿ ಒಂದು ಚೀಟಿ ಇರಲಿ: ಹೆಸರು, ರಕ್ತದ ಗುಂಪು, ಮನೆಯ ಫೋನ್, ತಾನು ಕಥೋಲಿಕ, ಗುರುಗಳನ್ನು ಕರೆಯಿರಿ ಎಂಬ ಮಾತು. ಗುರುಗಳು ಬರುವಷ್ಟು ಹೊತ್ತಿಲ್ಲದಿದ್ದರೆ, ಗಾಯ ಒತ್ತಿ ಹಿಡಿದವರೇ ಕಿವಿಯ ಬಳಿ ಮೆಲ್ಲಗೆ ಪಶ್ಚಾತ್ತಾಪದ ಜಪ ಹೇಳಬಹುದು. ಅದಕ್ಕಾಗಿ ಸ್ಟ್ರೆಚರ್ ನಿಲ್ಲಿಸಬೇಕಿಲ್ಲ.

2007ರ ಜೂನ್‌ನಲ್ಲಿ ವ್ಯಾಟಿಕನ್ನಿನ ವಲಸಿಗರ ಸೇವಾ ಮಂಡಳಿ ರಸ್ತೆಯ ಪಾಲನಾಸೇವೆಯ ಬಗ್ಗೆ ಮಾರ್ಗದರ್ಶನ ಪ್ರಕಟಿಸಿತು. ಅದರಲ್ಲಿ ಚಾಲಕರಿಗೆ ಹತ್ತು ಕಟ್ಟಳೆಗಳಿವೆ. ಅಪಘಾತಕ್ಕೀಡಾದವರಿಗೆ ನೆರವಾಗಿ ಎಂಬುದು ಒಂದು. ಅವರ ಕುಟುಂಬಗಳಿಗೆ ಆಸರೆಯಾಗಿ ಎಂಬುದು ಇನ್ನೊಂದು. ತಪ್ಪು ಮಾಡಿದ ಚಾಲಕನನ್ನೂ ನೊಂದವರನ್ನೂ ತಕ್ಕ ಕಾಲದಲ್ಲಿ ಎದುರುಬದುರು ಕೂರಿಸಿ, ಕ್ಷಮೆಯ ಅನುಭವಕ್ಕೆ ಅವಕಾಶ ಮಾಡಿಕೊಡಿ ಎಂಬುದು ಮತ್ತೊಂದು. ಬಲು ಕಷ್ಟದ್ದು ಇದು. ಸಮಾರಿಯದವನು ಮತ್ತೆ ಬರುತ್ತೇನೆಂದು ಹೇಳಿ ಹೋದದ್ದು ನೆನಪಿದೆಯಲ್ಲ? ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ದುಡಿಯುವವರಿಲ್ಲದ ಆ ಮನೆಗೆ ಮೂರು ತಿಂಗಳ ನಂತರ ಹೋಗುವವರು ಯಾರು? ಸಂತ ವಿನ್ಸೆಂಟ್ ದೇ ಪೌಲ್ ಸಭೆಯವರು ಈ ಪ್ರಶ್ನೆಯನ್ನು ತಮ್ಮ ಮುಂದಿನ ಕೂಟದಲ್ಲಿ ಎತ್ತಿಕೊಳ್ಳಲಿ.

ನವೆಂಬರ್ ತಿಂಗಳು ನಮಗೆ ಮೃತರ ತಿಂಗಳು. ಆ ತಿಂಗಳ ಮೂರನೆಯ ಭಾನುವಾರವನ್ನು ರಸ್ತೆ ಅಪಘಾತಗಳಲ್ಲಿ ಮಡಿದವರ ಸ್ಮರಣೆಯ ದಿನವೆಂದು ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿದೆ. ಆ ಭಾನುವಾರದ ಪೂಜೆಗೆ ನಿಮ್ಮ ಊರಿನ ರಸ್ತೆಯಲ್ಲಿ ಸತ್ತವರ ಹೆಸರುಗಳನ್ನು ಬರೆದು ಗುರುಗಳಿಗೆ ಕೊಡಿ. ನಮ್ಮವರು, ಅನ್ಯಧರ್ಮೀಯರು ಎಂದು ವಿಂಗಡಿಸಬೇಡಿ. ಹೆಸರು ತಿಳಿಯದ ಲಾರಿ ಕ್ಲೀನರ್‌ಗಳಿದ್ದರೆ, ಆ ದಿನಾಂಕವನ್ನಾದರೂ ಬರೆಯಿರಿ.